ಫೋನ್ ಬಾರದ ತಿಂಗಳು

ಕಟ್ಟುಹಲ್ಲಿನ ಮೇಲಿನ ಸಾಲಿನಲ್ಲಿ ಎಡಗಡೆಯ ಕೋರೆಹಲ್ಲು ಬೆಳಗಿನಿಂದ ಕೂರುತ್ತಿರಲಿಲ್ಲ. ಮೇಣ ಕರಗಿಸಿ, ಹಲ್ಲನ್ನು ಒತ್ತಿ, ಬೆರಳ ತುದಿಯಿಂದ ಕೂದಲೆಳೆಯಷ್ಟು ತಿರುಗಿಸಿದಾಗ ಸರಿಯಾಯಿತು ಅನ್ನಿಸುತ್ತಿತ್ತು. ಕಣ್ಣು ಕಿಟಕಿಯ ಕಡೆ ಹೋಗಿ ಮರಳುವಷ್ಟರಲ್ಲಿ ಅದೇ ಹಲ್ಲು ಪಕ್ಕದ್ದರ ಹೆಗಲೇರಿ ಕೂತಂತೆ ಕಾಣುತ್ತಿತ್ತು. ಕಿತ್ತು ಮತ್ತೆ ಕೂರಿಸಿದಳು. ಯಾರ ಬಾಯಿಯೋ ಏನೋ. ಅಚ್ಚಿನ ಜೊತೆ ಬರುವ ಚೀಟಿಯಲ್ಲಿ ಒಂದು ಸಂಖ್ಯೆ, ಹಲ್ಲಿನ ಬಣ್ಣ, ದಂತವೈದ್ಯರ ಅವಸರದ ಅಕ್ಷರ ಇಷ್ಟೇ ಇರುತ್ತಿತ್ತು. ಇಷ್ಟು ವರ್ಷದಲ್ಲಿ ತಾನು ಹಲ್ಲು ಕೂರಿಸಿಕೊಟ್ಟ ಒಬ್ಬರನ್ನೂ ಅವಳು ನೋಡಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ವಯಸ್ಸಾದವರು ಬಾಯಿ ತುಂಬ ನಕ್ಕರೆ ಮಾತ್ರ ಒಂದು ಗಳಿಗೆ ಉಸಿರು ಹಿಡಿದು, ಇದು ನನ್ನದಿರಬಹುದೆ ಎಂದು ನೋಡುವುದಿತ್ತು. ಇವತ್ತು ಆ ಸುಖವೂ ಬೇಕಿರಲಿಲ್ಲ. ಮಧ್ಯಾಹ್ನ ಕೋರ್ಟಿಗೆ ಹೋಗಬೇಕಿತ್ತು. ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಇಲ್ಲಿ ಹೇಳಿದ್ದಳು.

"ಏನೇ, ಆ ಹಲ್ಲಿಗೆ ಮೆರವಣಿಗೆ ಮಾಡಿಸ್ತಾ ಇದೀಯಾ? ಕೂರಿಸಿ ಬಿಡೇ ಅದನ್ನ" ಎಂದಳು ಎದುರಿನ ಮೇಜಿನಿಂದ ಸುಣ್ಣದಕ್ಕ. ಅಚ್ಚಿಗೆ ಪ್ಲಾಸ್ಟರು ಹಾಕುವುದು ಅವಳ ಕೆಲಸ. ಮೊಣಕೈವರೆಗೆ ಸದಾ ಬೆಳ್ಳಗೆ ಇರುತ್ತಿದ್ದುದರಿಂದ ಆ ಹೆಸರು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು.

"ಕೂರ್ತಾ ಇಲ್ಲ ಅಕ್ಕ."

"ಹೇಗೆ ಕೂರುತ್ತೆ? ನೀನು ಇಲ್ಲಿಲ್ಲ ಅನ್ನೋದು ಅದಕ್ಕೂ ಗೊತ್ತಾಗಿದೆ. ಕಣ್ಣು ತೋರಿಸೋಕೆ ಇಷ್ಟು ಹೆದರಿದ್ರೆ ನಾಳೆ ಮಂಡಿ ತೋರಿಸೋಕೆ ಹೊತ್ಕೊಂಡು ಹೋಗಬೇಕಾಗುತ್ತೆ ನಿನ್ನ."

ಇವಳು ನಕ್ಕಳು. ನಕ್ಕದ್ದು ಸ್ವಲ್ಪ ಹೆಚ್ಚೇ ಆಯಿತು. ಒಳಗಿನ ಕೋಣೆಯಿಂದ ಲ್ಯಾಬಿನ ಯಜಮಾನರು ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದರು. ಅವಳ ಕೈಯಿಂದ ಅಚ್ಚನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ಆ ಹಲ್ಲನ್ನು ತಾವೇ ಒಂದು ಸಲ ಒತ್ತಿ ವಾಪಸು ಕೊಟ್ಟರು. ಅದು ಕೂತಿತ್ತು. "ಕಣ್ಣಿಗೆ ಹನಿ ಹಾಕ್ತಾರೆ, ಗಂಟೆಗಟ್ಟಲೆ ಮಂಜು ಮಂಜಾಗಿರುತ್ತೆ" ಎಂದರು. "ವಾಪಸು ಇಲ್ಲಿಗೆ ಬರೋಕೆ ಹೋಗಬೇಡಿ, ಸೀದಾ ಮನೆಗೆ ಹೋಗಿ. ಬಿಸಿಲು ಚುಚ್ಚುತ್ತೆ, ಇದನ್ನ ಹಾಕ್ಕೊಳ್ಳಿ." ಮೇಜಿನ ಡ್ರಾಯರಿನಿಂದ ತಮ್ಮ ಕಪ್ಪು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ ಕೈಗಿಟ್ಟರು. ಬೇಡ ಅನ್ನಲು ಬಾಯಿ ತೆರೆದರೆ ಅಳು ಬರಬಹುದೆಂಬ ಹೆದರಿಕೆಗೆ ಅವಳು ಅದನ್ನು ಚೀಲಕ್ಕೆ ಹಾಕಿಕೊಂಡಳು. ಸಾಲದ ಕೇಸು ಸೋತು ಹಣ ಕಟ್ಟದೆ ಹೋದರೆ ಸಂಬಳ ಹಿಡಿಯುವ ಆದೇಶ ಬರುವುದು ಇದೇ ಮನುಷ್ಯನ ಮೇಜಿಗೆ. ಅವರು ಅದನ್ನು ಓದುತ್ತಾರೆ, ಕನ್ನಡಕ ಹಣೆಗೇರಿಸಿಕೊಳ್ಳುತ್ತಾರೆ, ಅವಳ ಕಡೆ ನೋಡದಿರಲು ಪ್ರಯತ್ನಪಡುತ್ತಾರೆ. ಆ ನೋಡದಿರುವಿಕೆಯೇ ಕಣ್ಣ ಮುಂದೆ ಬಂದಂತಾಗಿ, ಸುಣ್ಣದಕ್ಕ ಹಿಂದಿನಿಂದ ಕೂಗಿ ಹೇಳಿದ್ದು ಏನೆಂದೂ ಕೇಳಿಸದೆ ಮೆಟ್ಟಿಲಿಳಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಕೂತವನ ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಇನ್ನೊಬ್ಬರ ಫೋನಿಗೂ ಹೀಗೆ ಬೆಚ್ಚುವ ಅಭ್ಯಾಸ ಎಷ್ಟು ಕಾಲದ್ದೋ. ಮನೆಯಲ್ಲಿ ತನ್ನ ಫೋನನ್ನು ದಿಂಬಿನಡಿ ಇಡುತ್ತಿದ್ದಳು, ದಿಂಬಿನ ಮೇಲೆ ಇನ್ನೊಂದು ದಿಂಬು, ಅದರ ಮೇಲೆ ಕಂಬಳಿ. ಆದರೂ ಮಂಚದ ಹಲಗೆಯೇ ಗುಂಯ್ಗುಟ್ಟುತ್ತಿತ್ತು. ಆ ಮಂಚದ ಮೇಲೆ ಅಮ್ಮ ಮಲಗಿರುತ್ತಿದ್ದಳು. "ಯಾರೇ ಅದು, ಪಾಪ, ಅಷ್ಟು ಹೊತ್ತಿಂದ ಕೂಗ್ತಾ ಇದಾರೆ, ಎತ್ತಬಾರದಾ?" ಅನ್ನುತ್ತಿದ್ದಳು. ಕಂಪನಿಯವರಮ್ಮ, ಏನೋ ಮಾರೋಕೆ ಮಾಡ್ತಾರೆ ಅಂದರೆ, "ಮಾರೋರಿಗೂ ಹೊಟ್ಟೆ ಇರುತ್ತಲ್ಲ, ಬೇಡ ಅಂತನಾದ್ರೂ ಹೇಳು" ಅನ್ನುತ್ತಿದ್ದಳು. ಬೇಡ ಅನ್ನುವುದು ಬಂದಿದ್ದರೆ ಅವಳು ಇಲ್ಲಿಯವರೆಗೆ ಬರುತ್ತಿರಲಿಲ್ಲ. ಮೊದಲ ಕ್ರೆಡಿಟ್ ಕಾರ್ಡು ಕೊಡಲು ಬಂದ ಹುಡುಗಿ ಬಿಸಿಲಿನಲ್ಲಿ ಬೆವರಿದ್ದಳು, ಕೂರಿಸಿ ನೀರು ಕೊಟ್ಟು ಸಹಿ ಹಾಕಿದಳು. ಅದರಿಂದ ಮೊದಲು ಕೊಂಡದ್ದು ಪರದೆಯ ಬಟ್ಟೆ, ಎಲೆಯ ಬಣ್ಣದ್ದು, ಮನೆಯೊಳಗಿನ ಬೆಳಕನ್ನೇ ತಂಪು ಮಾಡುವಂಥದ್ದು. ಆಮೇಲೆ ಸೋಫಾ. ತಂಗಿಯ ಮಗಳ ಮದುವೆಗೆ, ದೊಡ್ಡಮ್ಮ ಕೊಟ್ಟದ್ದು ಎಂದು ನಾಲ್ಕು ಜನ ತಿರುಗಿ ನೋಡುವಂಥ ಬಳೆ. ಆಮೇಲೆ ಅಮ್ಮನ ಶ್ವಾಸಕೋಶದ ಚಿಕಿತ್ಸೆ. ತಂಗಿ ಅರ್ಧ ಕೊಡುತ್ತೇನೆಂದು ಚೀಲ ತೆರೆದಾಗ, "ನಂಗೆ ಆಫೀಸಿನ ವಿಮೆ ಇದೆ ಕಣೇ, ಮುಚ್ಚು ಅದನ್ನ" ಎಂದು ಅವಳ ಕೈ ತಳ್ಳಿದ್ದಳು. ಎಷ್ಟು ಗತ್ತಿನಿಂದ ತಳ್ಳಿದ್ದಳು! ವಿಮೆ ಎಲ್ಲಿತ್ತು? ಒಂದು ಕಾರ್ಡಿನ ಬಾಕಿ ತೀರಿಸಲು ಇನ್ನೊಂದು ಸಾಲ, ಅದನ್ನು ತೀರಿಸಲು ಮತ್ತೊಂದು. ಅಮ್ಮನ ಔಷಧಿಗಾಗಿ ಆಯಿತು ಎಂದು ತನಗೇ ಹೇಳಿಕೊಳ್ಳಲು ಹೋದಾಗಲೆಲ್ಲ ಪರದೆ ಗಾಳಿಗೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಯಾವ ಕಾಸು ಮಾತ್ರೆಗೆ ಹೋಯಿತು, ಯಾವುದು ಸೋಫಾಕ್ಕೆ ಹೋಯಿತು ಎಂದು ಬಡ್ಡಿ ಬೆರೆತ ಮೇಲೆ ಬಿಡಿಸಿ ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ.

ಸಾಲವನ್ನೂ ಮಾರುತ್ತಾರೆ ಎನ್ನುವುದು ಅವಳಿಗೆ ತಿಳಿದದ್ದು ಆಮೇಲೆ. ಬ್ಯಾಂಕುಗಳು ಕೈಬಿಟ್ಟ ಬಾಕಿಯನ್ನು ಯಾವುದೋ ಒಂದು ಕಂಪನಿ ಸಗಟಿನಲ್ಲಿ ಕೊಂಡುಕೊಂಡು, ಅವಳ ಮೂರು ಸಾಲವನ್ನೂ ಒಂದೇ ಖಾತೆ ಮಾಡಿತ್ತು. ಅಲ್ಲಿಂದ ಫೋನು ಒಂದೇ ಕಡೆಯಿಂದ, ಆದರೆ ಹೊತ್ತುಗೊತ್ತಿಲ್ಲದೆ. ಗದರುವವರು, ನಗುವವರು, "ನಿಮ್ಮ ಕೆಲಸದ ಯಜಮಾನರಿಗೆ ಮಾಡ್ಲಾ ಹಾಗಾದ್ರೆ?" ಎಂದು ಮೆಲ್ಲಗೆ ಕೇಳುವವರು. ಅವರ ನಡುವೆ ಒಂದು ದಿನ ಈ ದನಿ ಬಂತು. ಸಕಾರ ಹೇಳುವಾಗಲೆಲ್ಲ ಹಲ್ಲಿನ ಸಂದಿಯಿಂದ ಒಂದು ಸಣ್ಣ ಸಿಳ್ಳೆ. ಮುಂದಿನ ಎರಡು ಹಲ್ಲಿನ ನಡುವೆ ಜಾಗವಿದೆ, ಇಲ್ಲವೆ ಕಟ್ಟಿಸಿದ ಹಲ್ಲು ಸರಿಯಾಗಿ ಕೂತಿಲ್ಲ ಎಂದು ಅವಳ ಕಿವಿ ಅದರಷ್ಟಕ್ಕೆ ಅದು ಲೆಕ್ಕ ಹಾಕಿತು. "ಸಾಕಾಗಿದೆ ಅಮ್ಮ ನಿಮಗೆ, ನಂಗೆ ಗೊತ್ತು" ಎಂದ ಅವನು. ಅಷ್ಟು ಕಾಲದಲ್ಲಿ ಆ ಮಾತು ಹೇಳಿದವರು ಅವನೊಬ್ಬನೇ. ಅವಳ ಬೆನ್ನ ಹಿಂದೆ ಅಮ್ಮ ಕೆಮ್ಮಿದ್ದು ಕೇಳಿ, "ಮನೇಲಿ ಯಾರಿಗೋ ಹುಷಾರಿಲ್ಲ ಅನ್ಸುತ್ತೆ" ಎಂದ. ಆಮೇಲೆ ಹೇಳಿದ: "ಏನಾದ್ರೂ ಸ್ವಲ್ಪ ಹಾಕಿ. ನಿಮ್ಮ ಕೈಲಾದಷ್ಟು, ಹೆಸರಿಗೆ ಮಾತ್ರ. ಒಂದು ತಿಂಗಳು ನಿಮಗೆ ಫೋನ್ ಬರದ ಹಾಗೆ ನೋಡ್ಕೋತೀನಿ." ಅವಳು ಆವತ್ತೇ ಬೀದಿಯ ಮೂಲೆಯ ಫೋನ್ ರೀಚಾರ್ಜ್ ಅಂಗಡಿಗೆ ಹೋಗಿ, ಖಾತೆಯ ಸಂಖ್ಯೆ ಹೇಳಿ, ನಗದು ಕಟ್ಟಿದಳು. ಹೆಸರಿಗೆ ಮಾತ್ರ ಅಂದಿದ್ದನಲ್ಲ, ಅದಕ್ಕಿಂತ ಜಾಸ್ತಿ ಕಟ್ಟಿದಳು. ಅಷ್ಟು ಮೆತ್ತಗೆ ಮಾತಾಡಿದವನ ಮುಂದೆ ಕಡಿಮೆ ಕಟ್ಟಲು ನಾಚಿಕೆಯಾಯಿತು.

ಮತ್ತು ಫೋನು ನಿಂತಿತು. ಮೊದಲ ವಾರ ನಂಬಲಿಲ್ಲ. ಆಮೇಲೆ ಮೇಲಿನ ಕಂಬಳಿ ತೆಗೆದಳು, ಒಂದು ದಿಂಬು ತೆಗೆದಳು, ಕೊನೆಗೆ ಫೋನನ್ನು ಎಲ್ಲರ ಮನೆಯಲ್ಲಿಡುವ ಹಾಗೆ ಮೇಜಿನ ಮೇಲೆ ಇಟ್ಟಳು. ಮನೆಯಲ್ಲಿ ಬೇರೆ ಸದ್ದುಗಳಿದ್ದವು ಎಂದು ಗೊತ್ತಾದದ್ದೇ ಆಗ. ಮೇಲಿನ ತೊಟ್ಟಿಗೆ ನೀರು ಏರುವುದು, ಕೆಳಮನೆಯ ಮಗು ಮಗ್ಗಿ ತಪ್ಪುವುದು, ಅದರ ತಾಯಿ ತಾನೂ ತಪ್ಪಿ ನಗುವುದು. "ಆ ಪಾಪದವನು ಈಗ ಕೂಗೋದಿಲ್ಲವಲ್ಲ" ಎಂದಿದ್ದಳು ಅಮ್ಮ, ಕಣ್ಣು ಮುಚ್ಚಿಕೊಂಡೇ, "ಬೇರೆ ಒಳ್ಳೆ ಕೆಲಸ ಸಿಕ್ಕಿತೇನೋ." ತಿಂಗಳು ತುಂಬುವ ಮೊದಲು ಅಮ್ಮ ಹೋದಳು. ಅದಾಗಿ ಎರಡನೆಯ ದಿನ ಫೋನು ಮತ್ತೆ ಶುರುವಾಯಿತು, ಬೇರೆ ದನಿಗಳಲ್ಲಿ.

ಕೋರ್ಟಿನ ಅಂಗಳದಲ್ಲಿ ಜನ ನೆರಳಿದ್ದ ಕಡೆಗೆಲ್ಲ ಸರಿಯುತ್ತಿದ್ದರು. ಅವಳಿಗೆ ಇಲ್ಲಿಗೆ ಬರುವ ಮನಸ್ಸೇ ಇರಲಿಲ್ಲ. ಸಮನ್ಸು ತಂದ ಕೋರ್ಟಿನ ಜವಾನ ಬಾಗಿಲು ತಟ್ಟಿದ ದಿನ ಒಳಗೆ ಉಸಿರು ಬಿಗಿಹಿಡಿದು ನಿಂತಿದ್ದಳು. ಅವನು ತಟ್ಟಿ ಸುಸ್ತಾಗಿ, "ಅಮ್ಮ, ಚಪ್ಪಲಿ ಹೊರಗೇ ಇದೆ" ಎಂದಿದ್ದ, ಗೇಲಿಯಿಲ್ಲದ ದನಿಯಲ್ಲಿ. "ತೆಗೀಬೇಡಿ, ಪರವಾಗಿಲ್ಲ. ಬಾಗಿಲಿಗೆ ಅಂಟಿಸಿ ಹೋದ್ರೂ ನಿಮಗೆ ಮುಟ್ಟಿದ ಹಾಗೇ ಲೆಕ್ಕ. ಆದ್ರೆ ಆ ದಿನ ಬರದೇ ಇರಬೇಡಿ. ನೀವು ಬರಲಿಲ್ಲ ಅಂದ್ರೆ ಅವರು ಹೇಳಿದ್ದೇ ತೀರ್ಪು. ಕೆಳಗಡೆ ಕೋಣೇಲಿ ದುಡ್ಡು ತಗೊಳ್ಳದ ವಕೀಲರು ಕೂರ್ತಾರೆ, ಅವರನ್ನ ಕೇಳಿ." ಮೆಟ್ಟಿಲಿಳಿಯುವ ಸದ್ದು. ಬಾಗಿಲು ತೆರೆದು ಒಂದು ಲೋಟ ನೀರಾದರೂ ಕೊಡಬೇಕಿತ್ತು ಎಂದು ಆಮೇಲೆ ಎಷ್ಟೋ ದಿನ ಕೊರೆಯಿತು.

ದುಡ್ಡು ತಗೊಳ್ಳದ ವಕೀಲೆ ಕಪ್ಪು ಗೌನಿನ ಕೆಳಗೆ ಓಡುವ ಬೂಟು ಹಾಕಿಕೊಂಡಿದ್ದಳು. ಮೊಗಸಾಲೆಯ ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತ, ಇವಳನ್ನು ಕಂಡು ಪೊಟ್ಟಣವನ್ನು ಮುಂದೆ ಚಾಚಿದಳು. ತೆಗೆದುಕೊಳ್ಳದಿದ್ದರೆ ಬೇಜಾರಾದೀತೆಂದು ತೆಗೆದುಕೊಂಡಳು. ಒಣಗಿದ ಬಾಯಲ್ಲಿ ಅದು ಪ್ಲಾಸ್ಟರಿನಂತೆ ಅಂಟಿತು.

"ಇನ್ನೊಂದು ಸಲ ಹೇಳ್ತೀನಿ ಆಂಟಿ, ಹೆದರ್ಕೋಬೇಡಿ. ನೀವು ಮನೆ, ಒಡವೆ ಏನನ್ನೂ ಒತ್ತೆ ಇಟ್ಟಿಲ್ಲ. ಹಾಗಾಗಿ ಅವರು ಸೀದಾ ಮನೆಗೆ ನುಗ್ಗಿ ಏನನ್ನೂ ಎತ್ಕೊಂಡು ಹೋಗೋ ಹಾಗಿಲ್ಲ. ಜೈಲು ಗೀಲು ಅಂತ ಫೋನಲ್ಲಿ ಹೇಳಿದ್ದೆಲ್ಲ ಬರೀ ಹೆದರಿಕೆ. ಅವರಿಗಿರೋದು ಒಂದೇ ದಾರಿ, ಈ ಬಾಗಿಲು. ಇಲ್ಲಿ ಗೆದ್ದರೆ ಮಾತ್ರ ನಿಮ್ಮ ಸಂಬಳದಲ್ಲಿ ಒಂದು ಪಾಲು, ಬ್ಯಾಂಕಿನಲ್ಲಿದ್ದದ್ದು ಅವರ ಕೈಗೆ ಸಿಗುತ್ತೆ. ಅಡುಗೆ ಪಾತ್ರೆ, ಹಾಸಿಗೆ, ನಿಮ್ಮ ಕೆಲಸದ ಸಲಕರಣೆ ಮುಟ್ಟೋ ಹಾಗಿಲ್ಲ."

"ಮೇಣದ ಚಾಕೂನೂ?"

"ಚಾಕೂನೂ" ಎಂದು ನಕ್ಕಳು ವಕೀಲೆ. ಆಮೇಲೆ ದನಿ ತಗ್ಗಿಸಿದಳು. "ಅವರು ಗೆಲ್ಲದ ಹಾಗೆ ಮಾಡೋದಕ್ಕೆ ನಮ್ಮ ಹತ್ರ ಇರೋದೂ ಒಂದೇ. ಸಾಲ ತಗೊಂಡವರು ಕೊನೆ ಸಲ ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ಕಂಪನಿ ಇಲ್ಲಿಗೆ ಬರಬೇಕು. ದಾಟಿದ್ರೆ ಕೋರ್ಟು ಅವರ ಮಾತು ಕೇಳಲ್ಲ. ನಿಮ್ಮ ಗಡುವು ಆಗಲೇ ಮುಗೀತಾ ಬಂದಿತ್ತು. ಇನ್ನು ಕೆಲವೇ ದಿನ ಇದ್ದಾಗ ಆ ಚಿಲ್ಲರೆ ದುಡ್ಡು ಖಾತೆಗೆ ಬಿತ್ತು ನೋಡಿ, ಎಣಿಕೆ ಮತ್ತೆ ಮೊದಲಿಂದ ಶುರು. ಅದಕ್ಕೇ ಅವರು ಕೇಳೋದು. ಗಡುವು ಹತ್ರ ಬಂದವರನ್ನೇ ಆರಿಸಿ ಫೋನ್ ಮಾಡ್ತಾರೆ. ಹೆಸರಿಗೆ ಏನಾದ್ರೂ ಹಾಕಿ ಅಂತಾರೆ."

ಅವಳು ಉಳಿದ ಬಿಸ್ಕತ್ತನ್ನು ಸೆರಗಿನ ತುದಿಯಲ್ಲಿ ಸುತ್ತಿ ಹಿಡಿದಳು. ಇದೇ ಮಾತನ್ನು ಹಿಂದಿನ ಸಲವೂ ಕೇಳಿದ್ದಳು. ಕೇಳಿದ ರಾತ್ರಿಯಿಂದ ಆ ಮೆತ್ತನೆಯ ದನಿ ಕಿವಿಯಲ್ಲಿ ಹುಳಿಯಾಗಿತ್ತು. ಸಾಕಾಗಿದೆ ಅಮ್ಮ ನಿಮಗೆ. ಎಷ್ಟು ಜನಕ್ಕೆ ಅದನ್ನೇ ಹೇಳಿದನೋ. ಗದರಿದವರಿಗೆ ಅವಳು ಒಂದು ಕಾಸೂ ಕೊಟ್ಟಿರಲಿಲ್ಲ. ಪ್ರೀತಿಯಿಂದ ಮಾತಾಡಿದವನಿಗೆ ತನ್ನ ಕತ್ತನ್ನೇ ಕೊಟ್ಟಿದ್ದಳು, ಕೇಳಿದ್ದಕ್ಕಿಂತ ಜಾಸ್ತಿಯಾಗಿ.

"ಆದ್ರೆ ಕಟ್ಟಿದ್ದು ಅಂಗಡೀಲಿ, ನಗದು" ಎಂದಳು ವಕೀಲೆ. "ನಿಮ್ಮ ಹೆಸರಿಲ್ಲ, ಸಹಿ ಇಲ್ಲ. ಖಾತೆ ಸಂಖ್ಯೆ ಗೊತ್ತಿರೋ ಯಾರು ಬೇಕಾದ್ರೂ ಕಟ್ಟಿರಬಹುದು. ನೀವೇ ಕಟ್ಟಿದ್ದು ಅಂತ ಅವರು ತೋರಿಸಬೇಕು. ಸುಳ್ಳು ಹೇಳಿ ಅಂತ ನಾನು ಹೇಳ್ತಾ ಇಲ್ಲ ಆಂಟಿ. ನೀವು ಬಾಯಿ ಬಿಡದಿದ್ರೆ ಸಾಕು. ಕೇಳಿದ್ರೆ ನೆನಪಿಲ್ಲ ಅನ್ನಿ. ಇದು ಬಿದ್ದು ಹೋದ್ರೆ ಎಲ್ಲಾ ಹೋಯ್ತು. ಪೂರ್ತಿ. ನಾಳೆಯಿಂದ ನಿಮ್ಮ ಸಂಬಳ ನಿಮ್ಮದು." ಎಂದು ಎದ್ದು, ಬಿಸ್ಕತ್ತಿನ ಪುಡಿಯನ್ನು ಗೌನಿನಿಂದ ಕೊಡವಿ, ಇನ್ನೊಂದು ಕೇಸಿಗೆ ಓಡಿದಳು. ಪೊಟ್ಟಣವನ್ನು ಇವಳ ಪಕ್ಕದಲ್ಲೇ ಬಿಟ್ಟು ಹೋದಳು.

ಪೂರ್ತಿ. ಆ ಮಾತು ಎದೆಯೊಳಗೆ ಹಕ್ಕಿಯಂತೆ ಹಾರಾಡತೊಡಗಿತು. ಎದ್ದು ಮೊಗಸಾಲೆಯ ತುದಿಯವರೆಗೆ ಹೋದಳು, ಬಂದಳು. ನೆನಪಿಲ್ಲ. ಏನು ಮಹಾ. ದಿನಾ ಎಷ್ಟು ಸುಳ್ಳು ಹೇಳಿಲ್ಲ? ಕಣ್ಣಿನ ಡಾಕ್ಟರು, ಆಫೀಸಿನ ವಿಮೆ. ತಂಗಿಯ ಮನೆಗೆ ಹೋಗುವಾಗ ಫೋನು ಕೆಟ್ಟಿದೆ ಎಂದು ಹೇಳಿ ಆರಿಸಿಟ್ಟದ್ದು. ಅವುಗಳ ಪಕ್ಕದಲ್ಲಿ ಇದೊಂದು ಎಷ್ಟರದು? ಚೀಲದೊಳಗೆ ಕೈ ಹಾಕಿದಾಗ ಕಪ್ಪು ಕನ್ನಡಕ ಬೆರಳಿಗೆ ಸಿಕ್ಕಿತು. ಕೈಯನ್ನು ಹಿಂದಕ್ಕೆಳೆದುಕೊಂಡಳು.

ಆಗ ಬಾಗಿಲ ಬಳಿ ಯಾರೋ ಕೇಳುತ್ತಿದ್ದರು: "ಸ್ವಲ್ಪ ಸರೀತೀರಾ ಸರ್, ಸಾಕ್ಷಿ ಹೇಳಬೇಕು, ಹೆಸರು ಬರೆಸಬೇಕಿತ್ತು." ಒಂದೊಂದು ಸಕಾರಕ್ಕೂ ಒಂದು ಸಣ್ಣ ಸಿಳ್ಳೆ. ಅವಳು ನಿಂತಲ್ಲೇ ನಿಂತಳು. ಸಣಕಲು ಮನುಷ್ಯ, ತಲೆ ಮುಂದೆ ಬೋಳಾಗಿತ್ತು. ಕಾಲರು ಸವೆದ ಅಂಗಿಯನ್ನು ಜೋಪಾನವಾಗಿ ಇಸ್ತ್ರಿ ಮಾಡಿದ್ದ. ಮುಂದಿನ ಒಂದು ಹಲ್ಲು ಕಟ್ಟಿಸಿದ್ದು, ಉಳಿದವಕ್ಕಿಂತ ತೀರ ಬಿಳಿ, ಒಂದಿಷ್ಟು ಹೊರಗೆ. ಯಾರೋ ಅಗ್ಗಕ್ಕೆ, ಅವಸರಕ್ಕೆ ಮಾಡಿಕೊಟ್ಟದ್ದು. ಇಷ್ಟು ದಿನ ಅವನಿಗೆ ಬೈಯಲು ಏನೇನೋ ಮಾತು ಕೂಡಿಟ್ಟಿದ್ದಳು. ಅವೆಲ್ಲ ಆ ಹಲ್ಲನ್ನು ನೋಡಿದ್ದೇ ಜಾಗ ತಪ್ಪಿದವು.

"ನೀವು ನಂಗೆ ಫೋನ್ ಮಾಡಿದ್ರಿ" ಎಂದಳು.

ಅವನು ತಿರುಗಿದ. "ಯಾರಮ್ಮ ನೀವು?" ಅವಳು ಕೇಸಿನ ಸಂಖ್ಯೆ ಹೇಳಿದಳು. ಅವನ ಮುಖ ಚಿಕ್ಕದಾಯಿತು. ಅತ್ತಿತ್ತ ನೋಡಿ, ಕಂಪನಿಯ ವಕೀಲರು ಹತ್ತಿರ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಿಟಕಿಯ ಕಡೆ ಬಂದ. "ದಿನಕ್ಕೆ ನೂರಾರು ಜನಕ್ಕೆ ಮಾಡ್ತಿದ್ದೆ ಅಮ್ಮ. ಯಾರು ಯಾರು ಅಂತ ಹೇಗೆ ಹೇಳಲಿ? ನಿಮ್ಮ ಖಾತೆ ಎದುರಿಗೆ ನನ್ನ ಹೆಸರಿದೆಯಂತೆ, ಅದಕ್ಕೇ ಕರೆಸಿದ್ದಾರೆ. ಇವರು ಕಟ್ತೀನಿ ಅಂತ ಒಪ್ಪಿಕೊಂಡಿದ್ರು, ಅಂತ ನಾನು ಹೇಳಬೇಕಂತೆ."

"ಹೇಳ್ತೀರಾ?"

ಅವನು ಬೆವರು ಒರೆಸಿಕೊಂಡ. "ನಿಮ್ಮ ವಕೀಲರು ಕೇಳಲಿ, ನೆನಪಿಲ್ಲ ಅಂತೀನಿ. ನಿಜವಾಗ್ಲೂ ನೆನಪಿಲ್ಲ. ಕಂಪನಿಯವರು ಬಯ್ತಾರೆ, ಬಯ್ಯಲಿ. ಇನ್ನೇನು ಕಿತ್ಕೋತಾರೆ, ಫೋನ್ ಮಾಡೋ ಕೆಲಸದಿಂದ ಆಗಲೇ ತೆಗೆದಿದ್ದಾರೆ. ಈಗ ಬರೀ ಫೈಲು ಹೊರೋದು."

ಅವಳಿಗೆ ಇದು ಬೇಕಿತ್ತೋ ಬೇಡವಾಗಿತ್ತೋ ತಿಳಿಯಲಿಲ್ಲ. ಗೋಡೆಗೆ ಒರಗಿದಳು. ಮೋಸ ಮಾಡಿದವನು ಮೋಸಗಾರನಾಗಿಯೇ ಉಳಿದಿದ್ದರೆ ಎಷ್ಟು ಸುಲಭವಿತ್ತು. "ನೀವು ಹೇಳಿದ ಹಾಗೇ ಆಯ್ತು ಅವತ್ತು" ಎಂದಳು, ಏಕೆ ಹೇಳುತ್ತಿದ್ದೇನೆಂದು ಗೊತ್ತಿಲ್ಲದೆ. "ಒಂದು ತಿಂಗಳು ಫೋನ್ ಬರಲಿಲ್ಲ. ನಮ್ಮಮ್ಮ ಆ ತಿಂಗಳಲ್ಲೇ ಹೋಗಿದ್ದು. ನೆಮ್ಮದಿಯಾಗಿ ನಿದ್ದೆ ಮಾಡಿದ್ಲು. ನೀವು ನಿಲ್ಲಿಸಿದ್ರಲ್ಲ, ಅದಕ್ಕೆ..."

ಅವನು ತಲೆ ತಗ್ಗಿಸಿದ. "ನಾನು ನಿಲ್ಲಿಸಿದ್ದಲ್ಲ ಅಮ್ಮ" ಎಂದ. "ಹಣ ಹಾಕಿದವರ ನಂಬರನ್ನ ಫೋನ್ ಹಚ್ಚೋ ಮಷಿನ್ನೇ ಒಂದು ತಿಂಗಳು ಪಕ್ಕಕ್ಕಿಡುತ್ತೆ. ಯಾರು ಹಾಕಿದ್ರೂ ಅಷ್ಟೇ. ಗದರಿಸಿ ಹಾಕಿಸಿದ್ರೂ ಅಷ್ಟೇ. ಅದರಲ್ಲಿ ನಂದೇನೂ ಇಲ್ಲ." ಆಮೇಲೆ, ತನಗೇ ಎಂಬಂತೆ, "ಹೇಳಬಾರದಿತ್ತೇನೋ" ಅಂದ.

ಹೊರಗೆ ಯಾರದೋ ಹೆಸರು ಕೂಗಿದರು. ಇನ್ನೊಬ್ಬರದು ಕೂಗಿದರು. ಮಷಿನ್ನು. ಅವಳು ಇಷ್ಟು ವರ್ಷ ಒಬ್ಬ ಮನುಷ್ಯನ ಕೈ ಎಂದುಕೊಂಡದ್ದು ಮಷಿನ್ನಾಗಿತ್ತು. ಅವನನ್ನು ಶಪಿಸಿದ ರಾತ್ರಿಗಳಲ್ಲೂ ಒಂದು ಮೂಲೆಯಲ್ಲಿ, ಆದರೂ ಮಾತು ಉಳಿಸಿಕೊಂಡ ಎಂದು ಒಂದಿಷ್ಟು ಜಾಗ ಬಿಟ್ಟಿದ್ದಳು. ಈಗ ಆ ಮೂಲೆಯನ್ನೂ ಗುಡಿಸಿದಂತಾಯಿತು. ಸರಿ ಹಾಗಾದರೆ. ಇನ್ನು ಯಾರ ಹಂಗೂ ಇಲ್ಲ. ನೆನಪಿಲ್ಲ ಎಂದುಬಿಡಬಹುದು, ಹಗುರವಾಗಿ. ಹಗುರವಾಗಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡು ತೊಟ್ಟಿಗೆ ನೀರು ಏರುವುದನ್ನು ಕೇಳುತ್ತಿದ್ದಳು. ಮಗು ಮಗ್ಗಿ ತಪ್ಪಿದಾಗ ಅವಳ ತುಟಿಯ ಮೂಲೆ ಅಲುಗುತ್ತಿತ್ತು. ಫೋನು ನಿಲ್ಲಿಸಿದವರು ಯಾರಾದರೇನು, ಆ ಸದ್ದಿಲ್ಲದಿದ್ದದ್ದು ನಿಜ. ಪರದೆ ಬಣ್ಣ ಕಳೆದುಕೊಂಡಿತ್ತು, ಸೋಫಾದ ಸ್ಪ್ರಿಂಗು ಚುಚ್ಚುತ್ತಿತ್ತು, ಬಳೆ ಇನ್ನೊಬ್ಬರ ಕೈಯಲ್ಲಿತ್ತು. ಅಷ್ಟೂ ಸಾಲದಲ್ಲಿ ಅವಳು ಕೊಂಡು, ಕೊನೆಯವರೆಗೆ ಅನುಭವಿಸಿದ್ದು ಆ ಒಂದು ತಿಂಗಳು ಮಾತ್ರ. ಅದನ್ನು ನಾನು ಕೊಂಡದ್ದಲ್ಲ, ಯಾರು ಕೊಂಡರೋ ನೆನಪಿಲ್ಲ ಅನ್ನಬೇಕೆ? ಅನ್ನಬೇಕು, ಅನ್ನದೆ ಏನು, ಇದರಲ್ಲೇನು ದೊಡ್ಡಸ್ತಿಕೆ ಎಂದು ತನ್ನನ್ನೇ ಬೈದುಕೊಂಡಳು. ಇದೂ ಒಂದು ಗತ್ತೇ, ತಂಗಿಯ ಕೈ ತಳ್ಳಿದಂಥದ್ದೇ. ಅವನು ಇನ್ನೂ ಅಲ್ಲೇ ನಿಂತಿದ್ದ. ಬಾಗಿಲಲ್ಲಿ ಜನ ಒತ್ತರಿಸಿದಾಗ ತನ್ನ ಫೈಲನ್ನು ಅಡ್ಡ ಹಿಡಿದು ಅವಳಿಗೆ ಒಳಗೆ ಹೋಗಲು ಜಾಗ ಮಾಡಿಕೊಟ್ಟ.

ಜಡ್ಜು ನೆಗಡಿಯಾದ ಹೆಂಗಸು. ಪ್ರತಿ ಎರಡು ಮಾತಿಗೆ ಒಂದು ಸಲ ಕರವಸ್ತ್ರ ಎತ್ತುತ್ತಿದ್ದಳು. ಕಂಪನಿಯ ವಕೀಲರು ಎತ್ತರದ ಮನುಷ್ಯ, ಮಾತು ಶುರುಮಾಡುವ ಮುಂಚೆ ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಸಾಲ ತೆಗೆದುಕೊಂಡದ್ದು ನಿಜ, ಕಟ್ಟದಿದ್ದದ್ದು ನಿಜ, ಗಡುವಿನೊಳಗೆ ಒಂದು ಕಂತು ಬಂದಿದೆ, ಆದ್ದರಿಂದ ದಾವೆ ಸಕಾಲದಲ್ಲಿದೆ ಎಂದು ಅವರು ಓದಿದ ಹಾಗೆ ಹೇಳಿದರು. ಅವಳ ಸೋಫಾ, ಪರದೆ, ಅಮ್ಮ ಎಲ್ಲ ಸೇರಿ ಒಂದೇ ಮೊತ್ತವಾಗಿ ಅವರ ಬಾಯಿಂದ ಹೊರಬಂತು. ಆ ಮೊತ್ತಕ್ಕೆ ಹಿಂದಿನ ಬೆಂಚಿನಲ್ಲಿ ಯಾರೋ ಸಣ್ಣಗೆ ಲೊಚಗುಟ್ಟಿದರು. ಅವಳ ಕಿವಿ ಕಾದವು. "ಆ ಕಂತು ನನ್ನ ಕಕ್ಷಿದಾರರೇ ಕಟ್ಟಿದ್ದು ಅನ್ನೋದಕ್ಕೆ ಆಧಾರವಿಲ್ಲ ಸ್ವಾಮಿ" ಎಂದಳು ವಕೀಲೆ. ಎಷ್ಟು ಚೆನ್ನಾಗಿ ಹೇಳಿದಳು, ಓಡುವ ಬೂಟಿನ ತುದಿಯ ಮೇಲೆ ಒಂದಿಷ್ಟು ಎದ್ದು ನಿಂತು.

"ಅವರು ಇಲ್ಲೇ ಇದ್ದಾರಲ್ಲ" ಎಂದಳು ಜಡ್ಜು, ಕರವಸ್ತ್ರದೊಳಗಿಂದ. "ಏನಮ್ಮ, ಈ ದುಡ್ಡು ಕಟ್ಟಿದ್ದು ನೀವಾ? ನಿಮ್ಮ ವಕೀಲರನ್ನ ಕೇಳ್ಕೊಂಡು ಹೇಳಿ, ಅವಸರ ಇಲ್ಲ."

ವಕೀಲೆ ತಿರುಗಿ ನೋಡಿದಳು. ಆ ನೋಟದಲ್ಲಿ ಎಲ್ಲ ಸಿದ್ಧವಾಗಿತ್ತು, ಬಾಗಿಲು ತೆರೆದು ಹಿಡಿದಂತೆ. ಕಿಟಕಿಯ ಬಳಿ ಆ ಮನುಷ್ಯ ತನ್ನ ಫೈಲನ್ನು ಎದೆಗೊತ್ತಿಕೊಂಡು ಮೇಲ್ಛಾವಣಿ ನೋಡುತ್ತಿದ್ದ.

"ನಾನೇ ಕಟ್ಟಿದ್ದು" ಎಂದಳು.

ಹೇಳಿದ್ದೇ ತಡ, ಅಯ್ಯೋ ಎಂದು ಒಳಗಿನಿಂದ ಕೂಗು ಬಂತು. ಹಿಂದಕ್ಕೆ ತೆಗೆದುಕೊಳ್ಳಬಹುದಾಗಿದ್ದರೆ ಆ ಕ್ಷಣವೇ ತೆಗೆದುಕೊಳ್ಳುತ್ತಿದ್ದಳು. ವಕೀಲೆಯ ಹೆಗಲು ಇಳಿಯಿತು. ಬೂಟಿನ ಹಿಮ್ಮಡಿ ನೆಲಕ್ಕೆ ತಾಗಿತು. ಆದರೂ ಆ ಹುಡುಗಿ ಸಿಟ್ಟು ಮಾಡಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಇವಳ ಹತ್ತಿರ ಬಂದು ನಿಂತಳು, ಅಷ್ಟೇ. ಕಂಪನಿಯ ವಕೀಲರು ಕಾಲರು ಸರಿಮಾಡಿಕೊಂಡು, ಹಾಗಿದ್ದ ಮೇಲೆ ಪೂರ್ತಿ ಮೊತ್ತಕ್ಕೆ ತೀರ್ಪು ಆಗಲಿ, ಇವರು ಸಂಬಳದ ಕೆಲಸದಲ್ಲಿದ್ದಾರೆ, ಯಜಮಾನರಿಗೆ ಆದೇಶ ಹೋಗಲಿ ಎಂದರು.

"ಕಂತಿಗೆ ಅವಕಾಶ ಕೊಡಬೇಕು ಸ್ವಾಮಿ. ಇವರು ಕರೆದಾಗ ಬಂದಿದ್ದಾರೆ, ಕೇಳಿದ್ದಕ್ಕೆ ನಿಜ ಹೇಳಿದ್ದಾರೆ" ಎಂದಳು ವಕೀಲೆ.

ಜಡ್ಜು ಕನ್ನಡಕದ ಮೇಲಿನಿಂದ ಇವಳನ್ನು ನೋಡಿದಳು. "ಕಟ್ತಾ ಇರೋ ತನಕ ಸಂಬಳ ಮುಟ್ಟೋದು ಬೇಡ ಅಂತ ಬರೀತೀನಿ. ಒಂದು ಕಂತು ತಪ್ಪಿಸಿದ್ರೂ ಅವರು ಮುಟ್ಟಬಹುದು, ತಿಳೀತಾ? ಹೇಳಿ, ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ ನಿಮ್ಮಿಂದ?"

ಎಷ್ಟು ಕೊಡುತ್ತೀರಿ, ಯಾವತ್ತು ಕೊಡುತ್ತೀರಿ, ಯಾಕೆ ಕೊಟ್ಟಿಲ್ಲ ಎಂದು ಎಷ್ಟು ಜನ ಕೇಳಿದ್ದರು. ಎಷ್ಟು ಆಗುತ್ತೆ ಎಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಬಾಯಿಗೆ ತಕ್ಷಣ ಬಂದದ್ದು ಒಂದು ಮರ್ಯಾದೆಯ ಮೊತ್ತ, ಕೇಳಿದವರು ಪರವಾಗಿಲ್ಲ ಎಂದು ತಲೆದೂಗುವಂಥದ್ದು, ಎರಡು ತಿಂಗಳು ಕಟ್ಟಿ ಮೂರನೆಯ ತಿಂಗಳು ಫೋನು ಮತ್ತೆ ದಿಂಬಿನಡಿಗೆ ಹೋಗುವಂಥದ್ದು. ಅದು ನಾಲಿಗೆಯ ತುದಿಯಲ್ಲೇ ಇತ್ತು. ಬಾಡಿಗೆ, ಬಸ್ಸು, ಅಕ್ಕಿ, ಗ್ಯಾಸು ಎಂದು ಬೆರಳು ಸೀರೆಯ ನೆರಿಗೆಯಲ್ಲಿ ತಾವಾಗಿ ಮಡಚಿಕೊಂಡವು. ಉಳಿಯುವುದು ಏನೂ ಇರಲಿಲ್ಲ. ಸಂಜೆ ಒಂದು ಗಂಟೆ ಹೆಚ್ಚು ಕೂತು, ತಿಂಗಳಿಗೆ ಒಂದು ಸೆಟ್ಟು ಹಲ್ಲು ಹೆಚ್ಚಿಗೆ ಕೂರಿಸಿದರೆ ಅದರ ಕೂಲಿ ಉಳಿಯುತ್ತಿತ್ತು. ಒಂದೇ ಸೆಟ್ಟು. ಕಣ್ಣು ಅದಕ್ಕಿಂತ ಜಾಸ್ತಿ ತಡೆಯುತ್ತಿರಲಿಲ್ಲ.

ಆ ಕೂಲಿ ಎಷ್ಟೋ ಅಷ್ಟನ್ನು ಹೇಳಿದಳು.

ಕಂಪನಿಯ ವಕೀಲರು ನಕ್ಕೇ ಬಿಟ್ಟರು. "ಸ್ವಾಮಿ, ಈ ಲೆಕ್ಕದಲ್ಲಿ ಬಡ್ಡಿಗೇ ಸಾಲಲ್ಲ. ಇವರ ಆಯುಸ್ಸು ಮುಗಿದರೂ ಸಾಲ ಮುಗಿಯಲ್ಲ." ಹಿಂದಿನ ಬೆಂಚಿನಲ್ಲೂ ಯಾರೋ ನಕ್ಕರು. ಅವಳ ಮುಖಕ್ಕೆ ರಕ್ತ ನುಗ್ಗಿತು. ಇಲ್ಲ ಇಲ್ಲ, ಇನ್ನೂ ಸ್ವಲ್ಪ ಸೇರಿಸುತ್ತೇನೆ, ತಪ್ಪಾಯಿತು, ಬೇಜಾರು ಮಾಡಿಕೊಳ್ಳಬೇಡಿ ಎನ್ನುವ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದು ನಿಂತವು. ನಾಲಿಗೆಯನ್ನು ಮೇಲಿನ ಹಲ್ಲಿನ ಹಿಂದಕ್ಕೆ ಒತ್ತಿ ಹಿಡಿದಳು.

"ಇನ್ನೂ ಸ್ವಲ್ಪ?" ಎಂದಳು ಜಡ್ಜು.

ಪಕ್ಕದಲ್ಲಿ ವಕೀಲೆಯ ತೋಳು ಅವಳ ತೋಳಿಗೆ ಹಗುರವಾಗಿ ತಾಗುತ್ತಿತ್ತು.

"ಇಲ್ಲ" ಎಂದಳು. "ಅಷ್ಟೇ ಆಗೋದು."

ಜಡ್ಜು ಒಂದು ಸಲ ಸೀನಿ, ಅಷ್ಟನ್ನೇ ಬರೆದುಕೊಂಡಳು.